ಒಂದು ಬೆಳಗಿನ ರಜೆ

ರಜೆ ಕೇಳುವುದಕ್ಕೆ ಚಾಮುಂಡೇಶ್ವರಿ ಒಳ್ಳೆಯ ಹೊತ್ತನ್ನೇ ಆರಿಸಿಕೊಂಡಿದ್ದಳು. ಮಧ್ಯಾಹ್ನ ಗಿರಾಕಿಗಳು ಕಡಿಮೆ. ಮಾಲೀಕ ಯೋಗೇಂದ್ರ ಮನೆಯಲ್ಲಿ ಊಟ ಮುಗಿಸಿ ಬಂದು ಅಂಗಡಿಯ ಫ್ಯಾನಿನ ಕೆಳಗೆ ಕೂತಿದ್ದ.

“ಸಾರ್, ಶುಕ್ರವಾರ ಬೆಳಿಗ್ಗೆ ರಜ ಬೇಕಿತ್ತು. ಮಗಳ ಸ್ಕೂಲಿನೋರು ಖೋ ಖೋ ಫೈನಲ್ಲಿಗೆ ಬಂದವ್ರೆ. ಮಧ್ಯಾಹ್ನದೊಳಗೆ ವಾಪಸ್ ಬಂದ್ಬುಡ್ತೀನಿ.”

“ನೀನು ಹೋದ್ರೆ ಬಿಲ್ ಹಾಕೋರು ಯಾರಮ್ಮ?” ಯೋಗೇಂದ್ರನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಜನ ಸಿಗ್ತಿಲ್ಲ ಕಣಮ್ಮ. ಯಾರಾದ್ರೂ ಒಬ್ರು ಸಿಗ್ಲಿ, ಆಮೇಲೆ ಒಂದು ವಾರ ಬೇಕಾದ್ರೂ ತಗೊ.”

ಜನ ಸಿಗದೆ ಇರುವುದು ಏಕೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ವಿದ್ಯಾರಣ್ಯಪುರಂನ ಆ ಮಿನಿ ಸೂಪರ್ ಮಾರ್ಕೆಟ್ಟಿನಲ್ಲಿ ಮೊದಲು ಇಬ್ಬರು ಹುಡುಗಿಯರಿದ್ದರು, ಮೂಟೆ ಇಳಿಸುವುದಕ್ಕೆ ಮಹೇಂದ್ರನಿದ್ದ. ಯೋಗೇಂದ್ರ ಕೊಡುವ ಸಂಬಳಕ್ಕಿಂತ ಕಡಕೊಳದ ಕಾರ್ಖಾನೆಗಳಲ್ಲಿ ಹೆಚ್ಚು ಸಿಗುತ್ತದೆ, ಜೊತೆಗೆ ಬಸ್ಸು, ಮಧ್ಯಾಹ್ನದ ಊಟ. ಒಬ್ಬೊಬ್ಬರೇ ಅಲ್ಲಿಗೆ ಹೋದರು. ಚಾಮುಂಡೇಶ್ವರಿ ಹೋಗಲಿಲ್ಲ. ಅಂಗಡಿ ಮನೆಗೆ ಹತ್ತಿರ, ಮಗಳು ಸ್ಕೂಲಿನಿಂದ ಬರುತ್ತಾ ಬೀಗದ ಕೈ ಇಸಿದುಕೊಂಡು ಹೋಗಬಹುದು ಎಂದು ಉಳಿದುಕೊಂಡಳು. ಉಳಿದದ್ದಕ್ಕೆ ಎಲ್ಲರ ಕೆಲಸವೂ ಅವಳ ತಲೆಗೇ ಬಂತು. ಬಿಲ್ಲು ಹಾಕಬೇಕು, ಬೇಳೆ ಪೊಟ್ಟಣ ಕಟ್ಟಬೇಕು, ನೆಲ ಒರೆಸಬೇಕು. ಸಂಬಳ ಮಾತ್ರ ಹಿಂದಿನಷ್ಟೇ.

ಆ ಸಂಜೆ ರಜೆ ಸಿಗಲಿಲ್ಲವೆಂದಾಗ ಮಗಳು ಸಿಂಚನ ಮುಖ ಸಣ್ಣದು ಮಾಡಲಿಲ್ಲ. “ನೀನು ಬರಲ್ಲ ಅಂತ ಗೊತ್ತಿತ್ತು, ಬುಡಮ್ಮ,” ಎಂದು ಶೂಗೆ ಮೆತ್ತಿದ್ದ ಮಣ್ಣು ಕೆರೆಯುತ್ತಾ ಕೂತಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಮಗಳು ಕಂಬದ ಸುತ್ತ ಹೇಗೆ ತಿರುಗುತ್ತಾಳೆ, ಹೇಗೆ ತಪ್ಪಿಸಿಕೊಳ್ಳುತ್ತಾಳೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಚಾಮುಂಡೇಶ್ವರಿ ಒಂದು ಸಲವೂ ನೋಡಿರಲಿಲ್ಲ.

ಆ ರಾತ್ರಿಯೇ ಯೋಚನೆ ಶುರುವಾಯಿತು.

ಜ್ವರ ಅನ್ನುವ ಹಾಗಿಲ್ಲ. ಹಿಂದೊಮ್ಮೆ ನಿಜವಾಗಿಯೇ ಜ್ವರ ಬಂದಾಗ ಯೋಗೇಂದ್ರ ಮಾತ್ರೆ ಹಿಡಿದು ಸ್ಕೂಟರಿನಲ್ಲಿ ಮನೆ ಬಾಗಿಲಿಗೇ ಬಂದಿದ್ದ, ಹಿಂದೆ ಕೂರಿಸಿಕೊಂಡು ಅಂಗಡಿಗೇ ಕರೆದುಕೊಂಡು ಹೋಗಿದ್ದ. ಯಾರೋ ತೀರಿಕೊಂಡರು ಅನ್ನುವ ಹಾಗೂ ಇಲ್ಲ, ಅವಳ ನೆಂಟರಿಷ್ಟರೆಲ್ಲ ಅವನಿಗೆ ಗೊತ್ತು. ಅವಳಿಗೆ ರಜೆ ಸಿಗುವುದಿಲ್ಲವಾದರೆ ಅಂಗಡಿಯೇ ರಜೆ ಹಾಕಬೇಕು. ಶಟರಿನ ಬೀಗದೊಳಕ್ಕೆ ಅಂಟು ಸುರಿದರೆ ಸಾಕು. ಬೀಗ ಕತ್ತರಿಸುವವನು ಬಂದು, ಕತ್ತರಿಸಿ, ಶಟರ್ ಎತ್ತುವಷ್ಟರಲ್ಲಿ ಫೈನಲ್ ಮುಗಿದಿರುತ್ತದೆ.

ಅಂಥ ಅಂಟು ಅಂಗಡಿಯಲ್ಲೇ ಕೌಂಟರಿನ ಪಕ್ಕ ಸಾಲಾಗಿ ತೂಗುತ್ತಿತ್ತು. ಅದಕ್ಕೇ ಅವಳು ಅದನ್ನು ಮುಟ್ಟಲಿಲ್ಲ. ಲಷ್ಕರ್ ಮೊಹಲ್ಲಾದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಕಿತ್ತುಹೋದ ಚಪ್ಪಲಿ ತೋರಿಸಿ, ಒಂದು ಟ್ಯೂಬು ಕೊಂಡಳು. ಅಂಗಡಿಯವನು ಚಪ್ಪಲಿ ನೋಡಿದನೇ ಹೊರತು ಅವಳ ಮುಖ ನೋಡಲಿಲ್ಲ. ಶಟರಿನ ಮೇಲಿದ್ದ ಕ್ಯಾಮೆರಾ ಕೆಟ್ಟು ಎಷ್ಟೋ ಕಾಲವಾಗಿತ್ತು. ಅದರ ಧೂಳು ಒರೆಸುವವಳೂ ಅವಳೇ ಆದ್ದರಿಂದ ಆ ವಿಷಯ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ದಿನವೂ ಅದೇ ದಾರಿಯಲ್ಲಿ ಹಾಲಿಗೆ ಹೋಗುತ್ತಾಳೆ. ಶಟರ್ ಮುಂದೆ ಚಪ್ಪಲಿ ಸರಿಮಾಡಿಕೊಳ್ಳುವಂತೆ ಬಗ್ಗಿದರೆ ಯಾರೂ ತಿರುಗಿ ನೋಡುವುದಿಲ್ಲ.

ಉಳಿದದ್ದು ಒಂದೇ. ಯಾರು ಮಾಡಿದ್ದು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಉತ್ತರ ಅವಳಿಗೆ ತಟ್ಟನೆ ಹೊಳೆಯಿತು. ಕೆಲಸ ಬಿಟ್ಟ ದಿನ ಮಹೇಂದ್ರ ಸಂಬಳದ ವಿಷಯಕ್ಕೆ ಯೋಗೇಂದ್ರನ ಜೊತೆ ಜಗಳವಾಡಿದ್ದ. “ಒಂದಿನ ನಿಮ್ಮ ಅಂಗ್ಡಿ ಬಾಗ್ಲು ತೆಗೆಯಕ್ಕೇ ಆಗ್ಬಾರ್ದು, ಅಂಗ್ ಮಾಡ್ತೀನಿ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದ. ಈಗ ನಿಜಕ್ಕೂ ಬಾಗಿಲು ತೆಗೆಯದಿದ್ದರೆ ಎಲ್ಲರಿಗೂ ಆ ಮಾತೇ ನೆನಪಾಗುತ್ತದೆ.

ಅದೇ ಮಹೇಂದ್ರ ಅವಳಿಗೆ ಒಂದು ದಿನವೂ ಅಕ್ಕಿ ಮೂಟೆ ಎತ್ತಲು ಬಿಟ್ಟವನಲ್ಲ. “ನೀವು ಸುಮ್ನಿರಿ ಅಕ್ಕ,” ಎಂದು ಬಂದು ಹೆಗಲು ಕೊಡುತ್ತಿದ್ದ. ಹೊರಡುವ ದಿನ ಯೋಗೇಂದ್ರನಿಗೆ ಬೈದವನು ಅವಳ ಹತ್ತಿರ ಬಂದು, “ನಿಮ್ಮೊಬ್ರನ್ನೇ ಬಿಟ್ಟು ಹೋಗ್ತಿದ್ದೀನಿ, ಬೇಜಾರ್ ಮಾಡ್ಕೋಬೇಡಿ,” ಎಂದಿದ್ದ. ಚಾಮುಂಡೇಶ್ವರಿ ಮನಸ್ಸಿಗೆ ಬೇರೆ ಬೇರೆ ಸಮಾಧಾನ ಹೇಳಿಕೊಂಡಳು. ಅವನೀಗ ಕಡಕೊಳದಲ್ಲಿದ್ದಾನೆ. ಯೋಗೇಂದ್ರ ಫೋನಿನಲ್ಲಿ ನಾಲ್ಕು ಬೈಯಬಹುದು, ಅಷ್ಟೇ. ತಾನಾಗಿ ಅವನ ಹೆಸರೆತ್ತುವುದು ಬೇಡ. ತೀರಾ ಬಿಕ್ಕಟ್ಟು ಬಂದರೆ ಮಾತ್ರ ಹೇಳಲಿಕ್ಕೆಂದು ಒಂದು ವಾಕ್ಯ ಸಿದ್ಧ ಮಾಡಿಟ್ಟುಕೊಂಡಳು. ರೊಟ್ಟಿ ತಟ್ಟುವಾಗ ಅದನ್ನು ಮನಸ್ಸಿನಲ್ಲೇ ಹೇಳಿ ನೋಡಿದಳು. ಸಿಂಚನ, “ಯಾಕಮ್ಮ ಬಾಯಿ ಅಲ್ಲಾಡಿಸ್ತಿದ್ದೀಯ?” ಎಂದಾಗ ಅವಳಿಗೆ ಮಗಳ ಕಡೆ ತಿರುಗಲಾಗಲಿಲ್ಲ.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಬಗ್ಗಿದಳು, ಎರಡು ಬೀಗಕ್ಕೂ ಅಂಟು ಹಿಂಡಿದಳು, ಟ್ಯೂಬನ್ನು ಚರಂಡಿಗೆಸೆದು ಹಾಲು ತಂದಳು. ಬೆರಳ ತುದಿಗೆ ಅಂಟಿದ್ದು ಎಷ್ಟು ಉಜ್ಜಿದರೂ ಹೋಗಲಿಲ್ಲ. ಆ ಕೈಯಲ್ಲೇ ಮಗಳಿಗೆ ಜಡೆ ಹಾಕಿದಳು. “ಇವತ್ತು ನಾನು ಬಂದ್ರೂ ಬರಬಹುದು ಕಣೇ,” ಎಂದಾಗ ಸಿಂಚನ ಗಕ್ಕನೆ ತಿರುಗಿದಳು. ಜಡೆ ಕೈತಪ್ಪಿ ಬಿಚ್ಚಿಕೊಂಡಿತು. “ನಿಜವಾಗ್ಲೂ?” ಎಂದ ಆ ಮುಖಕ್ಕೋಸ್ಕರ ಎಂಥ ತಪ್ಪಾದರೂ ಮಾಡಬಹುದು ಎಂದು ಒಂದು ಗಳಿಗೆ ಅನ್ನಿಸಿತು.

ದಿನದಂತೆ ಕೆಲಸಕ್ಕೆ ಹೋದಳು. ದಿನದಂತೆ ಹೋಗಬೇಕಾದ್ದು ಮುಖ್ಯ. ಯೋಗೇಂದ್ರ ಶಟರ್ ಮುಂದೆ ಕುಕ್ಕರುಗಾಲಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. “ಬೇಗ ಬಾರಪ್ಪ, ಕಟರ್ ತಗೊಂಡೇ ಬಾ. ತುಂಬ ಅರ್ಜೆಂಟು, ಅರ್ಥ ಮಾಡ್ಕೊ.” ಅರ್ಧ ದಿನದ ವ್ಯಾಪಾರಕ್ಕೆ ಇಷ್ಟು ಒದ್ದಾಟವೇ ಎಂದುಕೊಂಡಳು. ಹಾಗೆಂದುಕೊಂಡಾಗ ಎದೆಯ ಭಾರ ಕೊಂಚ ಇಳಿಯಿತು.

“ಏನಾಯ್ತು ಸಾರ್?”

“ಯಾವನೋ ಬೀಗಕ್ಕೆ ಅಂಟು ಹಾಕ್ಬುಟ್ಟವ್ನೆ ಕಣಮ್ಮ.”

ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಎದುರಿನ ಇಡ್ಲಿ ಗಾಡಿಯ ಪುಟ್ಟತಾಯಮ್ಮ ಸೌಟು ಹಿಡಿದೇ ಬಂದು ನಿಂತಿದ್ದಳು.

“ನಾನು ಬೆಳಿಗ್ಗೆ ಗಾಡಿ ತಳ್ಕೊಂಡು ಬರುವಾಗ ನೀನಿಲ್ಲೇ ಬಗ್ಗಿದ್ಯಲ್ಲವ್ವಾ,” ಎಂದಳು ಪುಟ್ಟತಾಯಮ್ಮ. ಅವಳ ದನಿಯಲ್ಲಿ ಅನುಮಾನವೇನೂ ಇರಲಿಲ್ಲ. “ಚಪ್ಲಿ ಕಿತ್ತೋಗಿತ್ತಾ? ಆಗ ಯಾರೂ ಕಾಣ್ಲಿಲ್ವಾ ನಿಂಗೆ?”

ಯೋಗೇಂದ್ರ ತಲೆಯೆತ್ತಿ ನೋಡಿದ. ಚಾಮುಂಡೇಶ್ವರಿ ಅಂಟು ಹತ್ತಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸಿದ್ಧ ಮಾಡಿಟ್ಟುಕೊಂಡಿದ್ದ ವಾಕ್ಯ ತಾನಾಗಿಯೇ ಹೊರಗೆ ಬಂತು.

“ಹೇಳ್ಬಾರ್ದು ಅಂತಿದ್ದೆ ಸಾರ್. ನಾನು ಹಾಲಿಗೆ ಹೋಗುವಾಗ ಮಹೇಂದ್ರ ಇಲ್ಲೇ ಶಟರ್ ಹತ್ರ ನಿಂತಿದ್ದ. ನನ್ನ ನೋಡಿ ಮುಖ ಮರೆಸ್ಕೊಂಡು ಹೊಂಟೋದ.”

“ಮಹೇಂದ್ರನಾ? ಸರಿಯಾಗಿ ನೋಡಿದ್ಯಾ?”

“ಅವನೇ ಸಾರ್. ಅವನ ಕೆಂಪು ಜರ್ಕಿನ್ ನಂಗೆ ಗೊತ್ತಾಗಲ್ವಾ? ಅವತ್ತು ಅಂಗ್ಡಿ ಬಾಗ್ಲು ತೆಗೆಯಕ್ಕೆ ಆಗ್ದಂಗೆ ಮಾಡ್ತೀನಿ ಅಂತ ಕೂಗಿದ್ನಲ್ಲ.” ಹೇಳಿ ಮುಗಿಸಿದಾಗ ಕೆಲಸವಾಗಿತ್ತು. ಪುಟ್ಟತಾಯಮ್ಮ ಆಗಲೇ ಲೊಚಗುಟ್ಟಿ ತಲೆಯಾಡಿಸುತ್ತಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ, ಹೇಗೂ ಅಂಗಡಿ ತೆಗೆಯುವುದು ತಡವಾಗುತ್ತಲ್ಲ ಸಾರ್, ಒಂದು ಗಳಿಗೆ ಹೋಗಿ ಬರಲೇ ಎಂದು ಕೇಳಬಹುದು.

ಯೋಗೇಂದ್ರ ಎದ್ದು ಶಟರಿನ ಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, “ಕೇಳಿಸ್ತೇನೋ?” ಎಂದ. “ಕೇಳಿಸ್ತು ಸಾರ್,” ಎಂದಿತು ಒಳಗಿನಿಂದ ಮಹೇಂದ್ರನ ದನಿ, ಕಬ್ಬಿಣದ ಆಚೆ, ತೀರಾ ಹತ್ತಿರದಲ್ಲಿ. “ನಿನ್ನೆ ನೀನು ಮನೆಗೆ ಹೋದ್ಮೇಲೆ ಮನಸ್ಸು ತಡೀಲಿಲ್ಲ ಕಣಮ್ಮ,” ಯೋಗೇಂದ್ರ ಅವಳ ಕಡೆ ತಿರುಗದೆ ಹೇಳಿದ. “ಇವನಿಗೆ ಫೋನ್ ಮಾಡಿ, ಅವಳ ಮಗಳ ಆಟ ಐತೆ, ಒಂದು ಬೆಳಿಗ್ಗೆ ಬಂದು ಅಂಗಡಿ ನೋಡ್ಕೋತೀಯಾ ಅಂತ ಕೇಳ್ದೆ. ನಿಮಗಾಗಿ ಬರಲ್ಲ, ಅಕ್ಕನಿಗಾದ್ರೆ ಬರ್ತೀನಿ, ಹೆಂಗಿದ್ರೂ ನಾಳೆ ನಂಗೆ ವಾರದ ರಜ ಅಂದ. ಕಡಕೊಳದಿಂದ ಕೊನೇ ಬಸ್ಸಿಗೆ ಬಂದ. ಒಳಗಡೆ ಚಿಲಕ ಕೆಟ್ಟೋಗಿದೆಯಲ್ಲ, ಅದಕ್ಕೆ ಇವನನ್ನ ಒಳಗೆ ಮಲಗ್ಸಿ, ಹೊರಗಿಂದ ಎರಡೂ ಬೀಗ ನಾನೇ ಹಾಕ್ಕೊಂಡು ಹೋದೆ.”