ಉದ್ದ ಮಾಡಿದ ವೈರು

“ಸ್ವಿಚ್ಚು ನಿನ್ನ ಕೈಯಾಗ ಇತ್ತೋ ಇಲ್ಲೋ? ಅಷ್ಟು ಹೇಳು.”

“ಇತ್ತು. ಆದ್ರೆ ನಾನು ಒತ್ತಲಿಲ್ಲ.”

“ನೀ ಒತ್ತದ ಹೊಗೆ ತಾನ ಬಂತೇನು? ದೇವಿ ಪವಾಡ ಏನಿದು?”

“ದೇವಿ ನಾಟಕ ಆಡಿಸೋರು ನೀವು ಯಜಮಾನ್ರೇ. ಪವಾಡ ನಿಮಗೇ ಗೊತ್ತು.”

ನಾಟಕ ತಂಡದ ಅಧ್ಯಕ್ಷ ಚಂದ್ರಶೇಖರಪ್ಪ ಲೈಟಿನ ಮುಜೀಬನ ಮೇಲೆ ಕೈ ಎತ್ತಿದ. ಸಬ್ ಇನ್ಸ್‌ಪೆಕ್ಟರ್ ಮಂಜಪ್ಪ ಆ ಕೈ ಹಿಡಿದುಕೊಂಡ.

“ಹೊಡೆದಾಟ ನಾಟಕದಲ್ಲಿ ಇಟ್ಕೊಳ್ಳಿ. ಇಲ್ಲಿ ನಾನಿದ್ದೀನಿ.”

1998. ಶಿರಸಿಯ ಒಂದು ಸಭಾಭವನ, ಭಾನುವಾರದ ಬೆಳಿಗ್ಗೆ. ಹಿಂದಿನ ಸಂಜೆ ಅಲ್ಲಿ ನಾಟಕವಿತ್ತು. ದೇವಿಯ ವೇಷದ ಮಧುರಾ ರಂಗದ ಮೇಲಿದ್ದಾಗ ಹೊಗೆ ನುಗ್ಗಿತು. ಬರಬೇಕಾದದ್ದು ಕೊನೆಯ ದೃಶ್ಯಕ್ಕೆ. ಬಂದದ್ದು ನಡುವೆಯೇ. ಹೊಗೆ ಕರಗಿದಾಗ ಅವಳ ಕೊರಳಲ್ಲಿ ಅವಲಕ್ಕಿ ಸರ ಇರಲಿಲ್ಲ. ವೇಷದ ಸರವಲ್ಲ. ಅಜ್ಜಿಯ ಅಸಲಿ ಚಿನ್ನ.

ಹೊಗೆ ಮಷೀನು ಮುಜೀಬನದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ನಾಟಕಗಳಿಗೆಲ್ಲ ಅವನದೇ ಬೆಳಕು. ಬೆಳಗಾಗುವಷ್ಟರಲ್ಲಿ ಯಲ್ಲಾಪುರದಿಂದ ಫೋನು ಬಂದಿತ್ತು. ಮುಂದಿನ ವಾರ ನೀನು ಬರುವುದು ಬೇಡ. ವೇಷ ಕಟ್ಟುವ ಕೋಣೆಯವರೆಗೂ ಓಡಾಡುವ ಕೆಲಸ. ಕಳ್ಳನೆಂಬ ಹೆಸರು ಬಂದರೆ ಯಾರು ಒಳಗೆ ಬಿಡುತ್ತಾರೆ?

“ಒತ್ತಿದಾಂವ ಇವನು, ಕಿತ್ತಾಂವ ಇವನ ಕಡೀಂವ” ಎಂದ ಚಂದ್ರಶೇಖರಪ್ಪ. “ಒಳಗ ಹಾಕ್ರಿ ಸಾಹೇಬ್ರ.”

“ಬಿಡಿ ಯಜಮಾನ್ರೇ” ಎಂದ ನಂದನ. ಸೋಂದಾ ರಸ್ತೆಯಲ್ಲಿ ಅವನ ನರ್ಸರಿ. ತಂಡದ ಕಾರ್ಯದರ್ಶಿ. ಮೆತ್ತಗಿನ ಮಾತು. “ಪಾಪ, ಕೈ ತಪ್ಪಿ ಒತ್ತಿರ್ಬೇಕು.”

“ಕೈ ತಪ್ಪಿಲ್ಲ ನಂದಣ್ಣ” ಎಂದ ಮುಜೀಬ್.

ನಂದನ ಮಂಜಪ್ಪನ ಕಡೆ ತಿರುಗಿದ. “ಸರ್, ನಾಟಕಕ್ಕೆ ಅಂತ ನನ್ನ ಹೂವಿನ ಕುಂಡ ತಂದಿಟ್ಟಿದ್ದೆ. ಟೆಂಪೋ ಬಂದು ಕಾಯ್ತಾ ಇದೆ. ಏರಿಸ್ಲಾ?”

“ಯಾರೂ ಏನೂ ಮುಟ್ಟೋ ಹಾಗಿಲ್ಲ.”

*

ಮಷೀನು ಹಿಂದಿನ ಪರದೆಯ ಆಚೆ ಇತ್ತು. ಮುಜೀಬ್ ಕೂರುವುದು ಸಭಾಭವನದ ಕೊನೆಯಲ್ಲಿ, ಲೈಟಿನ ಮೇಜಿನ ಹತ್ತಿರ.

“ಮಷೀನಿನ ಜೊತೆ ಬಂದ ಸ್ವಿಚ್ಚಿನ ವೈರು ಪರದೆ ದಾಟೋಕೂ ಸಾಲಲ್ಲ ಸಾಹೇಬ್ರೇ. ಕೂತಲ್ಲಿಂದ ರಂಗ ಕಾಣ್ಬೇಕಲ್ಲ. ಅದಕ್ಕೇ ಬೇರೆ ವೈರು ಜೋಡಿಸಿ ಉದ್ದ ಮಾಡ್ದೆ.”

“ಸ್ವಿಚ್ಚು ಒತ್ತದೆ ಹೊಗೆ ಬರೋದು ಹೇಗೆ?”

“ಒಳಗಿನ ಎರಡು ತಂತಿ ಒಂದಕ್ಕೊಂದು ತಾಗಿದ್ರೆ ಬರುತ್ತೆ.”

“ನೋಡ್ರಿ, ಅವನ ಬಾಯಿಂದಾನ ಬಂತು” ಎಂದ ಚಂದ್ರಶೇಖರಪ್ಪ. “ಹರಕು ಜೋಡಣೆ.”

ಮಂಜಪ್ಪ ಆ ಜೋಡಣೆಯ ಕಪ್ಪು ಟೇಪು ಬಿಚ್ಚಿಸಿದ. ಒಂದು ತಂತಿಯ ಗಂಟು ಹಿಂದೆ, ಇನ್ನೊಂದರದು ಮುಂದೆ. ಎಳೆದರೂ ತಾಗುವಂತಿಲ್ಲ. ಅಚ್ಚುಕಟ್ಟು ಕೆಲಸ.

ಆದರೂ ಅವನಿಗೆ ಸಮಾಧಾನವಿಲ್ಲ. ಮೊಣಕಾಲೂರಿ ರಂಗದ ಚಾಪೆಯಡಿ ವೈರನ್ನು ಬೆರಳಲ್ಲೇ ಸವರುತ್ತ ಹೋದ. ನಡುವೆ ಒಂದು ಉಬ್ಬು ಸಿಕ್ಕಿತು. ಚಾಪೆ ಎತ್ತಿದ.

ಇನ್ನೊಂದು ಜೋಡಣೆ. ಮೇಲೆ ಟೇಪಿಲ್ಲ. ಬಿಳಿ ಪ್ಲಾಸ್ಟಿಕ್ ಪಟ್ಟಿ ಸುತ್ತಿ ತುದಿ ಒಳಗೆ ತೂರಿಸಿದೆ. ಅಲ್ಲಿಂದ ಸಣ್ಣ ವೈರೊಂದು ಕವಲೊಡೆದು ಹಲಗೆಗಳ ಸಂದಿಯಲ್ಲಿ ಎಡಗಡೆಯ ಪರದೆಯ ಮರೆಗೆ ಹೋಗಿತ್ತು. ಹೂವಿನ ಕುಂಡಗಳ ಹಿಂದೆ ಅದರ ತುದಿ. ಯಾರೋ ಕತ್ತರಿಸಿದ್ದರು.

“ಇದು ನನ್ನದಲ್ಲ” ಎಂದ ಮುಜೀಬ್. “ಈ ತುದಿಗೆ ಕರೆಗಂಟೆಯ ಸ್ವಿಚ್ಚು ಹಾಕಿದ್ರೂ ಸಾಕು ಸಾಹೇಬ್ರೇ. ಇಲ್ಲಿ ಒತ್ತಿದ್ರೆ ಅಲ್ಲಿ ಹೊಗೆ.”

“ಎಡಗಡೆ ಯಾರಿದ್ರು?”

“ನಾನಿದ್ದೆ” ಎಂದ ಚಂದ್ರಶೇಖರಪ್ಪ. “ರಾಕ್ಷಸನ ಪಾತ್ರ ನಂದು. ನಂದನ ಇದ್ದ, ಮಾತು ನೆನಪಿಸಲಿಕ್ಕೆ. ಅದಕ್ಕೇನೀಗ?”

ಮಧುರಾ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದಳು. ಅತ್ತು ಮುಖ ಊದಿತ್ತು. ನಂದನ ಅವಳ ಬಳಿ ಬಗ್ಗಿ ಇಬ್ಬರ ಮನೆಮಾತಿನಲ್ಲೇ ಕೇಳಿದ.

“ಯಾರ ಕೈ ಹೇಳಿ ಗೊತ್ತಾತನೇ ತಂಗಿ?”

“ಎಂತೂ ಕಂಡಿದ್ದಿಲ್ಲೆ ನಂದಣ್ಣ. ಹೊಗೆ ಬಿಟ್ರೆ ಎಂತೂ ಇಲ್ಲೆ.”

ಮಂಜಪ್ಪ ಬಿಳಿ ಪಟ್ಟಿಯನ್ನೇ ನೋಡುತ್ತಿದ್ದ. ಇಂಥದ್ದನ್ನು ತಾನೇ ಎಲ್ಲೋ ಬಿಚ್ಚಿದ ನೆನಪು.

*

ಮೇಜಿನ ಮೇಲೆ ಮೂರು ತುಂಡು ವೈರು, ಒಂದು ಸುರುಳಿ ಕಪ್ಪು ಟೇಪು.

“ಮೂರೂ ಜನ ಒಂದೊಂದು ತುಂಡಿಗೆ ಟೇಪು ಸುತ್ತಿ.”

“ನಾ ಏನ್ ವೈರ್‌ಮನ್ ಏನ್ರಿ?” ಚಂದ್ರಶೇಖರಪ್ಪ ಸಿಡುಕುತ್ತಲೇ ಸುತ್ತಿದ. ಟೇಪು ಬೆರಳಿಗೇ ಅಂಟಿತು. ಮುಜೀಬ್ ನಡುವಿನಿಂದ ಸುತ್ತಿ, ಹಲ್ಲಿನಿಂದ ಹರಿದು, ಬೆರಳಲ್ಲಿ ಒತ್ತಿ ಇಟ್ಟ.

ನಂದನ ನಕ್ಕ. “ನಂಗೆ ಇದೆಲ್ಲ ಬರೋದಿಲ್ಲ ಸರ್.” ಬೇಕೆಂದೇ ಸೊಟ್ಟ ಸುತ್ತಿದ. ಆದರೂ ಕೆಳಗಿನಿಂದ ಮೇಲಕ್ಕೇ ಸುತ್ತಿದ. ತುದಿಗೆ ಬಂದವನು ಟೇಪಿನ ಕೊನೆಯನ್ನು ಕಡೆಯ ಸುತ್ತಿನೊಳಗೆ ತೂರಿಸಿ ಎಳೆದ.

“ಅದ್ಯಾಕೆ ತೂರಿಸ್ದೆ?” ಎಂದ ಮಂಜಪ್ಪ.

“ಬಿಚ್ಚಿಕೊಳ್ಳಬಾರದಲ್ಲ ಸರ್.”

“ಇದು ಅಂಟೋ ಟೇಪು ಮಾರಾಯ. ತೂರಿಸೋದು ಯಾಕೆ?”

ನಂದನನ ನಗು ನಿಂತಿತು.

“ಠಾಣೆ ಅಂಗಳದಲ್ಲಿ ಮಾವಿನ ಕಸಿ ಗಿಡ ಇದೆ. ನಿನ್ನ ನರ್ಸರೀದೇ. ಕಸಿ ಕೂಡಿದ ಮೇಲೆ ಪಟ್ಟಿ ಬಿಚ್ಚಿದವನು ನಾನು. ಕೆಳಗಿಂದ ಮೇಲೆ ಸುತ್ತಿತ್ತು, ನೀರು ಇಳೀಬಾರದು ಅಂತ. ಗಂಟಿಲ್ಲ. ತುದಿ ಒಳಗೆ ತೂರಿಸಿತ್ತು. ಚಾಪೆಯಡಿ ಇರೋದೂ ಹಾಗೇ ಇದೆ. ಟೇಪು ಸಿಗದೆ ನಿನ್ನ ಜೇಬಲ್ಲಿದ್ದ ಕಸಿ ಪಟ್ಟಿ ಸುತ್ತಿದ್ದೀಯ.”

“ಕಸಿ ಕಟ್ಟೋರು ಈ ಸೀಮೇಲಿ ನೂರು ಜನ ಇದ್ದಾರೆ ಸರ್.”

“ಇದ್ದಾರೆ. ಅವರಲ್ಲಿ ನಿನ್ನೆ ಎಡಗಡೆ ನಿಂತವನು ನೀನೊಬ್ಬನೇ. ಸ್ವಿಚ್ಚು ಕುಂಡದ ಹಿಂದೆ. ಕಾಲಲ್ಲಿ ಒತ್ತಿದೆ, ಹೊಗೇಲಿ ನುಗ್ಗಿದೆ, ಕಿತ್ತೆ. ರಾತ್ರಿಯೇ ಎಲ್ಲರನ್ನೂ ತಪಾಸಣೆ ಮಾಡಿದ್ರು, ಸರ ಸಿಗಲಿಲ್ಲ. ಇವತ್ತು ಸಂಜೆ ಇದೇ ರಂಗದಲ್ಲಿ ಇದೇ ನಾಟಕ ಇನ್ನೊಂದು ಸಲ ಇದೆ. ಹಾಗಿದ್ರೂ ಬೆಳಿಗ್ಗೆಯೇ ಕುಂಡ ಒಯ್ಯೋ ಅವಸರ ಯಾಕೆ ನಿಂಗೆ?”

ಮಂಜಪ್ಪ ಉತ್ತರಕ್ಕೆ ಕಾಯಲಿಲ್ಲ. ಕುಂಡಗಳನ್ನು ಒಂದೊಂದಾಗಿ ಮಗುಚಿದ. ಸೇವಂತಿಗೆಯ ಬೇರಿನ ನಡುವೆ ಮಣ್ಣು ಮೆತ್ತಿದ ಸರ ಸಿಕ್ಕಿತು. ಅದರ ಜೊತೆಗೇ ಒಂದು ಕರೆಗಂಟೆಯ ಸ್ವಿಚ್ಚು.

ಮಧುರಾ ಸರ ನೋಡಲಿಲ್ಲ. ನಂದನನನ್ನೇ ನೋಡಿದಳು. ಅವನು ತಲೆ ತಗ್ಗಿಸಿ ಕಾನ್‌ಸ್ಟೇಬಲ್ ಜೊತೆ ಹೊರಟ.

*

ಮುಜೀಬ್ ಆಗಲೇ ಲೈಟು ಇಳಿಸತೊಡಗಿದ್ದ.

“ಆತಲ್ಲಪಾ, ಎಲ್ಲಾ ಸರಿ ಆತು” ಎಂದ ಚಂದ್ರಶೇಖರಪ್ಪ. “ಇಳಸ್ತೀ ಯಾಕ? ಸಂಜಿ ಆಟ ಐತಿ. ಯಲ್ಲಾಪುರದವರಿಗೂ ನಾನ ಹೇಳ್ತೀನಿ.”

“ಏನಂತ ಹೇಳ್ತೀರಿ?”

“ನೀ ಕದ್ದಿಲ್ಲ ಅಂತ.”

“ಕದ್ದೆ ಅಂತ ಹೇಳಿದ್ದು ಯಾರು?”

ಚಂದ್ರಶೇಖರಪ್ಪ ಸಿಟ್ಟಾದ. “ಒಂದು ಮಾತು ಬಂದಿದ್ದಕ್ಕ ಇಷ್ಟು ಸೆಡವೇನು? ಹೊಗೆ ಇಲ್ಲದ ದೇವಿ ಹೆಂಗ ಬರಬೇಕು?”

“ಅಗರಬತ್ತಿ ಹಚ್ಚಿ.”

ಮುಜೀಬ್ ಮಷೀನು ಹೆಗಲಿಗೇರಿಸಿದ. ಉದ್ದದ ವೈರು ಸಾಕ್ಷಿಗೆಂದು ಮಂಜಪ್ಪನ ಮೇಜಿನ ಮೇಲೆ ಉಳಿಯಿತು. ಅದರ ಕಡೆ ಕೂಡ ನೋಡದೆ ಬಾಗಿಲು ದಾಟಿದ.

ಆ ಸಂಜೆ ದೇವಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಡೆದುಕೊಂಡೇ ಬಂದಳು. ಚಂದ್ರಶೇಖರಪ್ಪ ಕೊನೆಯ ದೃಶ್ಯದವರೆಗೂ ಬಾಗಿಲ ಕಡೆ ನೋಡುತ್ತಿದ್ದ. ಮುಜೀಬ್ ಆ ಬಾಗಿಲಿಗೆ ಮತ್ತೆ ಬರಲಿಲ್ಲ.