ವಿಯೆಟ್ನಾಮಿನ ಕಡೆಯಿಂದ

ಪಿಎಚ್.ಡಿ. ಗೈಡ್ ಹೇಳಿದ್ದನ್ನು ಅವಳು ಮೊದಲು ತಮಾಷೆ ಎಂದುಕೊಂಡಳು.

"ನೀನು ಬರೆದಿದ್ದನ್ನೆಲ್ಲ ಇವನಿಗೆ ಕೊಟ್ಟುಬಿಡಮ್ಮ. ಚೀನಾ–ವಿಯೆಟ್ನಾಂ ಸಂಬಂಧಕ್ಕೆ ಎರಡೆರಡು ಪ್ರಬಂಧ ಯಾಕೆ? ಹೇಗೂ ಮದುವೆ ಆಗೋರು ನೀವು."

ಅದೇ ಗೈಡ್ ಹತ್ತಿರ ಸಂಶೋಧನೆ ಮಾಡುತ್ತಿದ್ದ ಅವನು ಪಕ್ಕದಲ್ಲಿ ಕೂತು ತನ್ನ ಟಿಪ್ಪಣಿಯ ಹಾಳೆ ತಿರುವಿದ.

ಅವನು ಓದುತ್ತಿದ್ದುದು ಚೀನಾದ ಆಸ್ಥಾನದ ದಾಖಲೆಗಳನ್ನು, ಅವಳು ವಿಯೆಟ್ನಾಮಿನ ಅರಸರ ಚರಿತ್ರೆಗಳನ್ನು. ಲೈಬ್ರರಿಯ ಒಂದೇ ಮೇಜಿಗೆ ಎದುರುಬದುರು ಕೂತು, ಜಗಳವಾಡುತ್ತಲೇ ಮನಸ್ಸು ಕೊಟ್ಟುಕೊಂಡವರು.

"ನಿಮ್ಮ ಅರಸರು ನಮ್ಮ ಚಕ್ರವರ್ತಿಗೆ ಕಪ್ಪ ಕಳಿಸ್ತಿದ್ರು," ಎಂದು ಅವನು ಹುಬ್ಬು ಹಾರಿಸುತ್ತಿದ್ದ.

"ಕಳಿಸ್ತಿದ್ರು. ಮನೇಲಿ ತಾವೇ ಚಕ್ರವರ್ತಿ ಅಂತ ಕರೆಸ್ಕೊಳ್ತಿದ್ರು," ಎಂದು ಅವಳು ಪುಸ್ತಕದ ಅಂಚಿನ ಮೇಲಿಂದ ಕಣ್ಣಷ್ಟೇ ತೋರಿಸುತ್ತಿದ್ದಳು. ಆ ಕಣ್ಣಿನ ನಗೆಗೆ ಅವನ ಓದು ಅರ್ಧ ದಿನ ಕೆಡುತ್ತಿತ್ತು.

ಇವತ್ತು ಆ ಕಣ್ಣಲ್ಲಿ ನಗೆಯಿರಲಿಲ್ಲ.

"ಯಾಕೆ ಸುಮ್ಮನಿದ್ದೆ?" ವರಾಂಡದಲ್ಲಿ ಕೇಳಿದಳು.

"ಸರ್ ಎದುರು ಏನ್ ಹೇಳ್ಲಿ? ಹೆಸರು ಯಾರದಿದ್ರೇನು, ಮನೆ ಒಂದೇ ತಾನೇ."

"ಸಾವಿರ ವರ್ಷ ವಿಯೆಟ್ನಾಮನ್ನ ಆಳಿದ ಚೀನಾದವರೂ ಮನೆ ಒಂದೇ ಅಂದ್ಕೊಂಡಿದ್ರು. ಆಳಿಸಿಕೊಂಡವರು ಹಾಗಂದ್ಕೊಳ್ಳಲಿಲ್ಲ. ನಾನು ಗೈಡ್ ಬದಲಾಯಿಸ್ತೀನಿ."

"ಮದುವೆ?"

"ಅದನ್ನ ನೀನು ಯೋಚಿಸು."

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತ ಗೊಣಗಿದಳು. "ಹಠ ಬಿಡೇ. ಒಳ್ಳೆ ಹುಡುಗ."

"ಒಳ್ಳೆಯವನೇ ಅಕ್ಕ. ಅದಕ್ಕೇ ಅವನ ಮುಂದೆ ಚಿಕ್ಕವಳಾಗಕ್ಕೆ ಇಷ್ಟ ಇಲ್ಲ."

ಮರುವಾರ ವಿಭಾಗದ ಸಭೆಯಲ್ಲಿ ಗೈಡ್ ಬದಲಾಯಿಸಬೇಕೆಂಬ ಅವಳ ಅರ್ಜಿ ಬಂತು. "ಈ ವಿಷಯಕ್ಕೆ ಚೀನಾದ ದಾಖಲೆಗಳೇ ಸಾಕು," ಎಂದು ಗೈಡ್ ಕೈ ಕೊಡವಿದರು.

"ಸಾಲಲ್ಲ ಸರ್."

ದನಿ ಬಂದದ್ದು ಬಾಗಿಲಿನಿಂದ; ಅಲ್ಲಿ ಅವನು ನಿಂತಿದ್ದ. ಯಾರೂ ಕರೆದಿರಲಿಲ್ಲ.

"ನನ್ನ ಮೂರನೇ ಅಧ್ಯಾಯ ತಪ್ಪು. ಅವಳದನ್ನ ಓದಿದ ಮೇಲೇ ಗೊತ್ತಾಗಿದ್ದು. ಮತ್ತೆ ಬರೀತೀನಿ."

"ಒಂದು ವರ್ಷ ಹಿಂದೆ ಬೀಳ್ತೀಯ."

"ಬೀಳ್ತೀನಿ ಸರ್."

ಹಿರಿಯ ಪ್ರಾಧ್ಯಾಪಕಿಯೊಬ್ಬರು ಅವಳ ಅರ್ಜಿಯನ್ನು ಎಳೆದುಕೊಂಡು, "ಈ ಹುಡುಗಿ ನನ್ನ ಹತ್ರ ಬರಲಿ," ಎಂದು ಸಹಿ ಹಾಕಿದರು.

ಮೆಟ್ಟಿಲಿಳಿಯುವಾಗ ಅವನು ಅವಳನ್ನು ತಡೆದು ನಿಲ್ಲಿಸಿದ.

"ಅವತ್ತು ನಾನು ಹೇಡಿ ಥರ ಆಡಿದೆ. ನಿನ್ನ ಕಂಡ್ರೆ ಎಷ್ಟು ಪ್ರೀತಿ ಅಂತಾನೂ ಯಾವತ್ತೂ ಹೇಳಿಲ್ಲ."

"ಈಗ ಹೇಳು."

ಪಿಸುಗುಟ್ಟಿದ.

"ಕೇಳಿಸಲಿಲ್ಲ."

ಮತ್ತೆ ಹೇಳಿದ, ಮೇಲೆ ಹೋಗುತ್ತಿದ್ದ ವಿದ್ಯಾರ್ಥಿಗಳು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಅವಳು ಅವನ ಕೈ ಹಿಡಿದಳು.

ಅಷ್ಟರಲ್ಲಿ ಗೈಡ್ ಇಳಿದು ಬಂದರು. ಅವರ ದೃಷ್ಟಿ ನೇರ ಆ ಕೈಗಳ ಮೇಲೆ ಬಿತ್ತು. ಅವಳು ಬಿಡಲಿಲ್ಲ. ಅವನೂ ಬಿಡಲಿಲ್ಲ.

"ನಮಸ್ಕಾರ ಸರ್," ಎಂದು ಇಬ್ಬರೂ ಅವರಿಗೆ ದಾರಿ ಕೊಟ್ಟು ನಿಂತರು.