ಘಟ್ಟ ಹತ್ತಿದರೆ ಕೆಡುವ ಹೀಟರು

"ಅಕ್ಕೋರೇ, ವಕೀಲ್ರು ಬಸ್‌ಸ್ಟ್ಯಾಂಡಲ್ಲಿ ಎಲ್ರ ಎದುರಿಗೇ ನಂಗೆ ಕಳ್ಳ ಅಂದ್ರು. ಇನ್ನು ಯಾರು ನನ್ನ ಹತ್ರ ಗಾಡಿ ತರ್ತಾರೆ?"

ಗ್ಯಾರೇಜಿನ ಲಿಂಗಪ್ಪ ಹೀಗೆಂದು ವನಮಾಲಾ ಅಕ್ಕೋರ ಜಗುಲಿಯಲ್ಲಿ ಕುಸಿದು ಕೂತದ್ದು ಅರವತ್ತೆರಡರ ಡಿಸೆಂಬರಿನ ಒಂದು ಬೆಳಿಗ್ಗೆ. ಆಗೆಲ್ಲ ಹೊನ್ನಾವರದಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ನೆನಪಾಗುತ್ತಿದ್ದವರು ಈ ನಿವೃತ್ತ ಶಿಕ್ಷಕಿ. ಎದುರು ಮನೆಯ ನಾಗಪತಿಯಾದ ನಾನು ಅವರ ಚೀಲ ಹೊರುವುದಕ್ಕೂ ಬೈಗುಳ ತಿನ್ನುವುದಕ್ಕೂ ಇದ್ದವನು. ಎಂಥ ಸುಖದ ದಿನಗಳವು! ಅಕ್ಕೋರು ಚಳಿಗೆ ಗಟ್ಟಿಯಾದ ತಲೆಯೆಣ್ಣೆಯ ಬಾಟಲಿಯನ್ನು ಬಿಸಿಲಿಗಿಟ್ಟು ಬಂದರು.

"ಎಂತ ಕದ್ದೆ ಅಂತ?"

"ಹೀಟರಿನ ನಳ."

ವಕೀಲ ಮಹಾಗಣಪತಿ ಭಟ್ಟರ ಬಳಿ ಮಡಚುವ ಬಟ್ಟೆಯ ಮಾಡಿನ, ಎರಡೇ ಸೀಟಿನ ಹಳೇ ವಿಲಾಯತಿ ಸ್ಪೋರ್ಟ್ಸ್ ಕಾರಿತ್ತು. ನಮ್ಮ ಸೆಕೆಯ ಊರಿನಲ್ಲಿ ಕಾರಿಗೆ ಹೀಟರೇ ಎಂದು ಜನ ನಗುತ್ತಿದ್ದರು. ಆದರೆ ಅವರ ಹೆಂಡತಿ ಸುಮತಿಯವರಿಗೆ ಉಬ್ಬಸ, ಚಳಿಗಾಳಿ ತಾಗಿದರೆ ಉಸಿರು ಕಟ್ಟುತ್ತಿತ್ತು. ಘಟ್ಟದ ಮೇಲಿನ ತವರಿಗೆ ಹೋಗಲು ಹೀಟರು ಬೇಕೇ ಬೇಕು. ಸೀಟಿನ ಮುಂದಿನ ಹಿಡಿಕೆ ಎಳೆದರೆ, ಕೊಳವೆಯೊಳಗಿನ ತಂತಿಯೊಂದು ಎಂಜಿನ್ ಪಕ್ಕದ ನಳ ತೆರೆಯುತ್ತದೆ. ಬಿಸಿನೀರು ಹರಿದು ಕಾಲಬಳಿ ಬೆಚ್ಚನೆಯ ಗಾಳಿ ಬರುತ್ತದೆ. ದೀಪಾವಳಿಯ ನಂತರ ಗೇರುಸೊಪ್ಪ ದಾಟಿ ಘಟ್ಟ ಹತ್ತಿದಾಗಲೆಲ್ಲ ಆ ಹಿಡಿಕೆ ಅಲುಗುತ್ತಿರಲಿಲ್ಲ. ಮಧ್ಯಾಹ್ನ ಕೆಳಗಿಳಿದು ಲಿಂಗಪ್ಪನಿಗೆ ತೋರಿಸಿದರೆ ಸಲೀಸಾಗಿ ಆಡುತ್ತಿತ್ತು. ಅಸಲಿ ನಳ ಕದ್ದು ನಕಲಿ ಕೂಡಿಸಿದ್ದಾನೆಂದು ಭಟ್ಟರು ತೀರ್ಪು ಕೊಟ್ಟುಬಿಟ್ಟಿದ್ದರು.

ಅಕ್ಕೋರು ಲಿಂಗಪ್ಪನ ಗ್ಯಾರೇಜಿನ ಗ್ರೀಸ್ ಡಬ್ಬ ನೋಡಿದರು. ನಮ್ಮಿಬ್ಬರನ್ನೂ ಕರೆದುಕೊಂಡು ಭಟ್ಟರ ಮನೆಗೆ ಹೋಗಿ ಕಾರಿನ ಹಿಡಿಕೆ ಮೂಸಿದರು. ಅಲ್ಲೇ ಜಗುಲಿಯ ಮೇಲಿದ್ದ ಸುಮತಿಯವರ ಹೊಲಿಗೆ ಮಿಷಿನ್ನಿನ ಚಕ್ರ ತಿರುಗಿಸಿ, ಆ ಬೆರಳನ್ನೂ ಮೂಸಿದರು.

"ಎಂತ ವಾಸನೆ?" ಎಂದೆ.

"ಮೂಗು ನಿಂಗೂ ಉಂಟಲ್ಲ! ಲಿಂಗಪ್ಪ, ಮೀನುಪೇಟೆಯಿಂದ ಒಂದು ಗಡ್ಡೆ ಐಸ್ ತಾ."

ಸಂಜೆ ಭಟ್ಟರ ಅಂಗಳದಲ್ಲಿ ಎಲ್ಲರೂ ಸೇರಿದೆವು. ಲಿಂಗಪ್ಪ ಐಸ್ ಚೂರುಗಳನ್ನು ಗೋಣಿಯಲ್ಲಿ ಸುತ್ತಿ ತಂತಿಯ ಕೊಳವೆಗೆ ಕಟ್ಟಿದ. ಮೀನಿನ ವಾಸನೆಗೆ ಭಟ್ಟರು ಶಾಲಿನಿಂದ ಮೂಗು ಮುಚ್ಚಿಕೊಂಡರು. ತುಸು ಹೊತ್ತು ಕಳೆಯಿತು.

"ಈಗ ಎಳೀರಿ ವಕೀಲ್ರೇ."

ಹಿಡಿಕೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಲಿಂಗಪ್ಪ ತಂತಿಯನ್ನು ಇಕ್ಕಳದಿಂದ ಹೊರಗೆಳೆದ. ಅದರ ತುಂಬ ಬಿಳಿ ಜಿಡ್ಡು.

"ನಳ ಅಸಲಿಯೇ. ಇದು ತೆಂಗಿನೆಣ್ಣೆ," ಎಂದರು ಅಕ್ಕೋರು. "ಇಲ್ಲಿನ ಬಿಸಿಲಿಗೆ ನೀರು, ಘಟ್ಟದ ಚಳಿಗೆ ಗಟ್ಟಿ. ಅದ್ಕೇ ಮೇಲೆ ಹಿಡೀತಿತ್ತು, ಕೆಳಗೆ ಬಿಡ್ತಿತ್ತು. ಲಿಂಗಪ್ಪನ ಹತ್ರ ಇರೋದು ಕರಿ ಗ್ರೀಸು. ಬಾಗಿಲ ಬಿಜಾಗರಿಗೂ ಹೊಲಿಗೆ ಮಿಷಿನ್ನಿಗೂ ತೆಂಗಿನೆಣ್ಣೆ ಬಿಡೋರು ನಾವು, ಮನೆಯವ್ರು. ಈ ಕಾರಲ್ಲಿ ಕೂರೋರು ಇಬ್ಬರೇ. ವಕೀಲ್ರು ಎಣ್ಣೆ ಬಾಟ್ಲಿ ಮುಟ್ಟೋ ಪೈಕಿ ಅಲ್ಲ."

ಸುಮತಿಯವರು ಜಗುಲಿಯಿಂದ ಇಳಿದು ಬಂದರು. "ನಾನೇ ಹಾಕಿದ್ದು ಅಕ್ಕೋರೇ. ಹಿಡಿಕೆ ಎಳೀಲಿಕ್ಕೆ ಇವ್ರು ಕಷ್ಟಪಡ್ತಿದ್ರು. ಹಿಡಿದಾಗೆಲ್ಲ ಇನ್ನಷ್ಟು ಹಾಕ್ದೆ. ಅದೇ ಕೆಡಿಸ್ತದೆ ಅಂತ ಯಾರಿಗೆ ಗೊತ್ತಿತ್ತು?"

ಕೋರ್ಟಿನಲ್ಲಿ ಗುಡುಗುವ ಭಟ್ಟರು ಲಿಂಗಪ್ಪನ ಕಡೆ ಕೈಯೆತ್ತಿ ತಪ್ಪಾಯಿತೆಂದು ಗೊಣಗಿದರು.

ಸುಮತಿಯವರು ಬಿಡಲಿಲ್ಲ. "ಇಲ್ಲಿ ಹೇಳಿರೆ ಆಗ್ತಿಲ್ಲೆ. ಬಸ್‌ಸ್ಟ್ಯಾಂಡಲ್ಲೇ ಹೇಳ್ಬೇಕು. ನನ್ನ ಸೀಟಲ್ಲಿ ಅವನ ಕೂರ್ಸ್ಕಂಡು ಹೋಗಿ."

ನಾನೂ ಅಕ್ಕೋರೂ ಏದುಸಿರು ಬಿಡುತ್ತ ಹಿಂದೆಯೇ ನಡೆದೆವು. ಕುಮಟೆಯ ಬಸ್ಸು ಆಗಷ್ಟೇ ಬಂದಿತ್ತು. ಭಟ್ಟರು ಕಾರಿನಲ್ಲೇ ಎದ್ದು ನಿಂತರು.

"ಕೇಳಿ ಎಲ್ರೂ! ಲಿಂಗಪ್ಪ ಕಳ್ಳ ಅಲ್ಲ. ತಪ್ಪು ನಂದು. ಕಾರಿಗೆ ತೆಂಗಿನೆಣ್ಣೆ ಹಾಕಿದ ದಡ್ಡ ನಾನೇ!"

ಜನ ಗೊಳ್ಳೆಂದರು. ಅವರು ಹಾಕಿದ್ದಲ್ಲವಲ್ಲ ಎಂದು ನಾನು ಬಾಯಿ ತೆರೆದೆ. ಅಕ್ಕೋರು ರಟ್ಟೆ ಚಿವುಟಿದರು. ಅಕ್ಕೋರ ಕಣ್ಣು ಒದ್ದೆಯಾಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಲಿಂಗಪ್ಪಾ," ಗುಂಪಿನಿಂದ ಲಾರಿಯ ಮಾಸ್ತಿ ಕೂಗಿದ, "ನನ್ನ ಗಾಡಿ ಬ್ರೇಕ್ ಹಿಡೀತಿಲ್ಲ, ಒಂಚೂರು ನೋಡು ಬಾರೋ."

ಲಿಂಗಪ್ಪ ತೋಳಿನಿಂದ ಕಣ್ಣೊರೆಸಿಕೊಂಡು, ಸುಮತಿಯವರ ಸೀಟಿನಿಂದ ಇಳಿದು ಅವನ ಹಿಂದೆ ಹೋದ.